ಸಾವಿನ ಮನೆ ಬಾಡಿಗೆ

ಹೊರದೇಶಕ್ಕೆ ಹೋಗಿ ಬಂದವರು ಸಮುದ್ರದ ಬಗ್ಗೆ ಬರೆಯುತ್ತಾರೆ, ಕಾಡಿನ ಬಗ್ಗೆ ಬರೆಯುತ್ತಾರೆ. ನಾನು ಟ್ಯಾಕ್ಸಿಯವರ ಬಗ್ಗೆ ಬರೆಯುತ್ತೇನೆ. ಆಫ್ರಿಕಾದ ದಾರ್ ಎಸ್ ಸಲಾಮ್ ಎಂಬ ಊರಿನಲ್ಲಿ ಹದಿನಾಲ್ಕು ತಿಂಗಳು ಇದ್ದು ಬಂದ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು ಅವರ ನೆನಪೇ. ಕಡೂರಿನಲ್ಲಿ ಸಿಕ್ಕಿದವರೆಲ್ಲ ಸಿಂಹ ನೋಡಿದ್ರಾ ಎಂದು ಕೇಳುತ್ತಾರೆ. ಸಿಂಹ ನೋಡಲಿಲ್ಲ. ನನ್ನನ್ನು ಹರಿದು ತಿಂದವಕ್ಕೆಲ್ಲ ನಾಲ್ಕು ಚಕ್ರ ಇದ್ದವು.

ನಾನು ಎಣ್ಣೆ ಮಿಲ್ಲಿನ ಫಿಟ್ಟರು. ಕೊಬ್ಬರಿ ಹಿಂಡುವ ಯಂತ್ರಗಳನ್ನು ಬಿಚ್ಚುವುದು, ಕಟ್ಟುವುದು ನನ್ನ ಕಸುಬು. ಕಡೂರು, ಬೀರೂರು, ಅರಸೀಕೆರೆ ಕಡೆ ಮೂವತ್ತು ವರ್ಷ ಅದನ್ನೇ ಮಾಡಿದೆ. ದಾರ್ ಎಸ್ ಸಲಾಮ್ ಸುತ್ತಲೂ ನಮ್ಮಲ್ಲಿಯ ಹಾಗೆಯೇ ತೆಂಗು. ಅಲ್ಲಿನ ಮಿಲ್ಲು ಮಾಲೀಕರೊಬ್ಬರು ನಮ್ಮ ಕಡೆಯ ಹಳೇ ಯಂತ್ರಗಳನ್ನು ಕೊಂಡು ಹಡಗಿಗೆ ಹಾಕಿಸಿದರು. ಯಂತ್ರ ಹೋದ ಮೇಲೆ ಅದರ ರೋಗ ಬಲ್ಲವನೂ ಬೇಕಾಯಿತು. ಹೀಗೆ ಐವತ್ತೆರಡನೇ ವಯಸ್ಸಿನಲ್ಲಿ ನಾನು ಮೊದಲ ಸಲ ವಿಮಾನ ಹತ್ತಿದೆ.

ಮುಂದಿನ ಮಾತು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಕಡೂರು ಸ್ಟೇಷನ್ ಮುಂದೆಯೋ ತರೀಕೆರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೋ ಬಾಡಿಗೆ ಕಾರು ಹಿಡಿಯುವವನು ಸಾವಿನ ಮನೆಗೆ ಹೊರಟಿದ್ದರೆ, ಹತ್ತುವ ಮೊದಲೇ ಅದನ್ನು ಹೇಳಿಬಿಡಬೇಕು. ಹೇಳದೆ ಕೂರುವುದು ದೊಡ್ಡ ತಪ್ಪು. ಯಾಕೆಂದರೆ ಗಾಡಿಯವನು ವಾಪಸು ಬಂದು ಗಾಡಿ ತೊಳೆದು, ತಾನೂ ತಲೆಗೆ ನೀರು ಹಾಕಿಕೊಂಡು, ಆಮೇಲೇ ಇನ್ನೊಬ್ಬರನ್ನು ಹತ್ತಿಸಿಕೊಳ್ಳಬೇಕು. ಹೀಗೆ ಹೇಳಿದ ಮೇಲೆ ಅವನು ಬಾಡಿಗೆ ಮಾತಾಡುವುದಿಲ್ಲ. ಡೀಸೆಲ್ ಹಾಕಿಸಿ ಎನ್ನುತ್ತಾನೆ, ಮಿಕ್ಕಿದ್ದು ನಿಮಗೆ ಬಿಟ್ಟದ್ದು. ಉಳಿದ ದಿನ ನಮ್ಮವರೇನೂ ಸಾಚಾಗಳಲ್ಲ. ಮದುವೆ ಸೀಸನ್ನಿನಲ್ಲಿ ಅವರ ಬಾಯಿಗೆ ಬಂದದ್ದೇ ರೇಟು. ಆದರೆ ಹೆಣದ ಹೆಸರು ಹೇಳಿದ ಮೇಲೂ ಚೌಕಾಸಿಗೆ ನಿಂತವನನ್ನು ನಾನಂತೂ ಕಂಡಿಲ್ಲ.

ವಿಮಾನ ನಿಲ್ದಾಣ

ನನ್ನನ್ನು ಕರೆದೊಯ್ಯಲು ಮಿಲ್ಲಿನ ವ್ಯಾನು ಬರಬೇಕಿತ್ತು. ಅದು ದಾರಿಯಲ್ಲಿ ಪಂಕ್ಚರಾಗಿ ನಿಂತಿತು. ಟ್ಯಾಕ್ಸಿ ಹಿಡಿದು ಬಾ ಎಂದು ಮ್ಯಾನೇಜರು ಫೋನಿನಲ್ಲಿ ಹೇಳಿದರು. ಹೊರಗೆ ಬಂದರೆ ಹತ್ತು ಜನ ಒಟ್ಟಿಗೆ ನನ್ನ ಪೆಟ್ಟಿಗೆಗೆ ಕೈ ಹಾಕಿದರು. ಅವರಲ್ಲಿ ನಗುಮುಖದ ಒಬ್ಬನನ್ನು ಆರಿಸಿಕೊಂಡೆ. ನಗುಮುಖ ನೋಡಿ ಎತ್ತನ್ನೂ ಕೊಳ್ಳಬಾರದು ಎಂದು ಆಮೇಲೆ ತಿಳಿಯಿತು.

ನಮ್ಮ ಕಡೆ ಒಂಟಿ ಗಂಡಸು ಬಾಡಿಗೆ ಕಾರು ಹತ್ತಿದರೆ ಡ್ರೈವರ್ ಪಕ್ಕದಲ್ಲೇ ಕೂರುವುದು. ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತರೆ ಅವನು ಅಮಲ್ದಾರನಾಗಿರಬೇಕು, ಇಲ್ಲ ಸೊಕ್ಕಿನವನಾಗಿರಬೇಕು. ನಾನು ಮುಂದೆ ಕೂತೆ. ಊರು ಯಾವುದು, ಮಕ್ಕಳೆಷ್ಟು, ಹೊಲ ಮನೆ ಇದೆಯೋ ಎಂದು ಹರಕು ಮುರುಕು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಹೆಂಡತಿ ಕೊಟ್ಟಿದ್ದ ಚಕ್ಕುಲಿ ಡಬ್ಬ ತೆಗೆದು ಅವನ ಕೈಗೂ ಇಟ್ಟೆ. ನಾಲ್ಕು ತಿಂದ, ಎರಡನ್ನು ಮಕ್ಕಳಿಗೆಂದು ಕಾಗದದಲ್ಲಿ ಸುತ್ತಿಟ್ಟುಕೊಂಡ. ತಿಂಡಿ ಹಂಚಿಕೊಂಡು ತಿಂದವನ ಹತ್ತಿರ ಬಾಡಿಗೆ ಎಷ್ಟಪ್ಪಾ ಎಂದು ಕೇಳುವುದಕ್ಕೆ ನನಗೆ ನಾಲಿಗೆ ಬರಲಿಲ್ಲ.

ಮಿಲ್ಲಿನ ಗೇಟಿನಲ್ಲಿ ಅವನು ಕೇಳಿದ ಮೊತ್ತ ಕೇಳಿ ಅಲ್ಲಿನ ಕಾವಲುಗಾರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ನಾನು ವಾದಿಸಿದೆ. ಚಾಲಕನ ನಗು ಮಾತ್ರ ಹಾಗೇ ಇತ್ತು. ಉಂಡ ಮನೆ ಜಂತೆ ಎಣಿಸಬಾರದು ಎನ್ನುತ್ತಾರೆ. ಈತ ಚಕ್ಕುಲಿ ಅಗಿಯುತ್ತಲೇ ಎಣಿಸಿ ಮುಗಿಸಿದ್ದ.

ತಿಮ್ಮಣ್ಣನ ಮೂರು ಮಾತು

ಅವನಿಗೆ ದುಡ್ಡು ಕೊಟ್ಟು ಕಳಿಸುವ ಹೊತ್ತಿಗೆ ಒಳಗಿಂದ ಎಣ್ಣೆ ಮೆತ್ತಿದ ಬನಿಯನ್ನಿನ ಒಬ್ಬ ಮನುಷ್ಯ ಬಂದು, ‘ಯಾವೂರಣ್ಣ?’ ಎಂದು ಕನ್ನಡದಲ್ಲಿ ಕೇಳಿದ. ಅವನೇ ತಿಮ್ಮಣ್ಣ. ಲೇತ್ ಕೆಲಸದವನು, ನನಗಿಂತ ಮೂರು ವರ್ಷ ಮೊದಲೇ ಆ ಮಿಲ್ಲಿಗೆ ಬಂದವನು. ಅಜ್ಜಂಪುರದಿಂದ ಅಂತರಘಟ್ಟೆ ಕಡೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಒಂದು ಹಳ್ಳಿ ಅವನದು. ಊರ ಕಡೆ ಇದ್ದಾಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಲ್ಲಿ ಒಂದೇ ತಾಯಿ ಮಕ್ಕಳಂತೆ ಆದೆವು.

ಮಿಲ್ಲಿನ ಹಿಂದೆ ನಮ್ಮಿಬ್ಬರಿಗೂ ಒಂದೇ ಕೋಣೆ. ತಿಮ್ಮಣ್ಣನ ಹೆಂಡತಿ ಲಕ್ಕಮ್ಮ ತರೀಕೆರೆ ಕಡೆಯ ಗದ್ದೆಯವರ ಮಗಳು. ಅವನು ರಜೆ ಮುಗಿಸಿ ಹೊರಟಾಗಲೆಲ್ಲ ತವರಿನ ಗದ್ದೆಯ ಅಕ್ಕಿಯನ್ನು ಗಂಟು ಕಟ್ಟಿ ಗಂಡನ ಪೆಟ್ಟಿಗೆಗೆ ಹಾಕುತ್ತಿದ್ದಳು. ತಿಮ್ಮಣ್ಣ ಆ ಅಕ್ಕಿಯನ್ನು ಭಾನುವಾರ ಮಾತ್ರ ಬೇಯಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕಾಯಿ ತುರಿಯುತ್ತಿದ್ದೆ. ಅಲ್ಲಿಯೂ ನಮ್ಮದೇ ಥರದ ತುರಿಮಣೆ, ಮೇಲೆ ಕೂತು ತುರಿಯುವಂಥದ್ದು. ಅದಕ್ಕೆ ಅವರ ಮಾತಿನಲ್ಲಿರುವ ಹೆಸರಿಗೆ ಮೇಕೆ ಎಂದು ಅರ್ಥ. ಮೇಕೆ ಹತ್ತಿದ ಫಿಟ್ಟರು ಎಂದು ತಿಮ್ಮಣ್ಣ ನನ್ನನ್ನು ರೇಗಿಸುತ್ತಿದ್ದ.

ನನ್ನ ಚಕ್ಕುಲಿ ಕಥೆ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರವಾಗಿ ಮೂರು ಮಾತು ಹೇಳಿದ.

‘ಹತ್ತೋಕ್ ಮುಂಚೆ ಬಾಡಿಗೆ ಮಾತಾಡು. ಹಿಂದಿನ ಸೀಟ್ನಲ್ಲಿ ಕೂತ್ಕೋ. ಬಾಯ್ ಬಿಡ್ಬ್ಯಾಡ. ನೀನ್ ಯಾಕ್ ಹೋಗ್ತಿದೀಯ ಅಂತ ಅವ್ನಿಗೆ ಗೊತ್ತಾಯ್ತೋ, ನಿನ್ ಜುಟ್ಟು ಅವ್ನ್ ಕೈಲಿ ಕಣೋ ರಾಜಣ್ಣ.’

ಮೊದಲೆರಡು ಕಲಿತೆ. ಮೂರನೆಯದು ನನಗೆ ಒಗ್ಗಲಿಲ್ಲ. ಒಂದು ಗಂಟೆ ಒಬ್ಬ ಮನುಷ್ಯನ ಜೊತೆ ಗಾಡಿಯಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಂಡಿರಲು ನಾನೇನು ಕಳ್ಳಮಾಲು ಸಾಗಿಸುತ್ತಿದ್ದೇನೆಯೇ ಎಂದು ಜಗಳ ಆಡಿದೆ.

ಕರಿಯಾಕೂ ಸಂತೆ

ಊರಿಗೂ ನಮ್ಮ ಮಿಲ್ಲಿಗೂ ನಡುವೆ ಸಮುದ್ರದ ಒಂದು ತೋಳು ಚಾಚಿಕೊಂಡಿದೆ. ದಾಟಿಸುವುದಕ್ಕೆ ಫೆರಿ ಇದೆ, ಜನರ ಜೊತೆ ಕಾರು ಬಸ್ಸುಗಳನ್ನೂ ಹೊತ್ತುಕೊಂಡು ಹೋಗುವ ದೊಡ್ಡ ದೋಣಿ. ಹತ್ತು ನಿಮಿಷಕ್ಕೆ ಆಚೆ ದಡ. ಫೆರಿ ಬೇಡವೆಂದರೆ ದೂರದ ಸೇತುವೆಯನ್ನು ಸುತ್ತಿಕೊಂಡು ಬರಬೇಕು. ಊರೊಳಗೆ ಕರಿಯಾಕೂ ಎಂಬ ದೊಡ್ಡ ಸಂತೆ ಇದೆ. ಬೇರಿಂಗು, ಬೆಲ್ಟು, ಬೋಲ್ಟು ತರಲು ವಾರಕ್ಕೊಮ್ಮೆ ನಾನು ಅಲ್ಲಿಗೆ ಹೋಗಬೇಕು. ತೂಕದ ಸಾಮಾನು, ಆದ್ದರಿಂದ ವಾಪಸು ಬರಲು ಟ್ಯಾಕ್ಸಿಯೇ ಗತಿ.

ಎಷ್ಟು ಬಗೆಯ ಮೋಸ ಇದೆ ಎಂದು ನಾನು ಕಲಿತದ್ದು ಆ ದಾರಿಯಲ್ಲಿ. ಒಬ್ಬನಿಗೆ ಹತ್ತು ಸಾವಿರದ ಕೆಂಪು ನೋಟು ಕೊಟ್ಟೆ. ಅವನು ಬಗ್ಗಿ ಎದ್ದವನೇ ಸಾವಿರದ ನೀಲಿ ನೋಟು ತೋರಿಸಿ, ನೀನು ಕೊಟ್ಟದ್ದು ಇದು ಎಂದ. ಇನ್ನೊಬ್ಬ ಅರ್ಧ ದಾರಿಯಲ್ಲಿ ಬಂಕಿಗೆ ತಿರುಗಿಸಿ, ಗಾಡಿಯಲ್ಲಿ ಪೆಟ್ರೋಲ್ ಇಲ್ಲ, ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದು ನನ್ನಿಂದಲೇ ಹಾಕಿಸಿದ. ಇಳಿಯುವಾಗ ಮುರಿದುಕೊಳ್ಳುವ ಮಾತು ಅವನಿಗೆ ಮರೆತುಹೋಗಿತ್ತು. ಫೋನಿನಲ್ಲಿ ಕರೆಸುವ ಕಾರು ಒಳ್ಳೆಯದು ಎಂದರು. ಅದರಲ್ಲಿ ಬಂದವನು ಮೊದಲು ಬುಕಿಂಗ್ ರದ್ದು ಮಾಡು, ಆಮೇಲೆ ಹತ್ತು ಎಂದ. ಫೋನು ಬಿಟ್ಟ ಮೇಲೆ ಅವನೂ ಉಳಿದವರ ಹಾಗೆಯೇ.

ಎಲ್ಲರೂ ಹೀಗೆಯೇ ಎಂದರೆ ಸುಳ್ಳಾಗುತ್ತದೆ. ಅಲ್ಲಿನ ಆಟೋ ಓಡಿಸುವ ಮುದುಕನೊಬ್ಬ ನಾನು ಅವನ ಗಾಡಿಯಲ್ಲಿ ಮರೆತಿದ್ದ ಸ್ಪ್ಯಾನರ್ ಕೊಡಲು ಮರುದಿನ ಮಿಲ್ಲು ಹುಡುಕಿಕೊಂಡು ಬಂದಿದ್ದ. ಟೀ ಕುಡಿದ, ದುಡ್ಡು ಮುಟ್ಟಲಿಲ್ಲ. ಆದರೆ ಹದಿನಾಲ್ಕು ತಿಂಗಳಿಗೆ ಅಂಥವನು ಒಬ್ಬನೇ ಸಿಕ್ಕಿದ್ದು.

ಆ ಜನಕ್ಕೆ ಒಂದು ಮಾತಿದೆ, ‘ಪೋಲೆ’ ಎಂದು. ನಮ್ಮ ಅಯ್ಯೋ ಪಾಪ ಇದ್ದ ಹಾಗೆ. ನೀವು ಎಡವಿದರೂ ಪೋಲೆ, ಮಳೆಯಲ್ಲಿ ನೆನೆದರೂ ಪೋಲೆ, ಮೈ ಹುಷಾರಿಲ್ಲದಿದ್ದರೂ ಪೋಲೆ. ದಾರಿಹೋಕರೂ ನಿಂತು ಹೇಳಿ ಹೋಗುತ್ತಾರೆ. ಮೊದಮೊದಲು ನನಗೆ ಕಣ್ಣು ತುಂಬಿ ಬರುತ್ತಿತ್ತು. ಕೆಂಪು ನೋಟು ನುಂಗಿದವನೂ ಪೋಲೆ ಎಂದೇ ಗಾಡಿ ತಿರುಗಿಸಿದ್ದು.

ಆಸ್ಪತ್ರೆ

ಒಂದು ಮಂಗಳವಾರ ತಿಮ್ಮಣ್ಣ ಲೇತಿನ ಮುಂದೆ ನಿಂತಿದ್ದವನು ಎದೆ ಹಿಡಿದುಕೊಂಡು ಹಾಗೇ ಕೂತ. ಮಿಲ್ಲಿನ ವ್ಯಾನಿನಲ್ಲಿ ಫೆರಿ ದಾಟಿಸಿ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಮಾತಾಡಿಕೊಂಡು ಚೆನ್ನಾಗಿಯೇ ಇದ್ದ. ಭಾನುವಾರದ ಅಕ್ಕಿ ಒಂದು ಹಿಡಿ ಉಳಿದಿದೆ, ಹುಳ ಬೀಳದ ಹಾಗೆ ನೋಡಿಕೋ ಎಂದು ನನಗೆ ಹೇಳಿದ. ಶುಕ್ರವಾರ ಬೆಳಿಗ್ಗೆ ಹೋದ.

ಹೆಣವನ್ನು ಊರಿಗೆ ಕಳಿಸಲು ಕಾಗದ ಪತ್ರಕ್ಕೇ ಎಷ್ಟೋ ದಿನ ಹಿಡಿಯುತ್ತದೆ, ಅಷ್ಟು ದಿನ ಇಡುವುದು ಕಷ್ಟ ಎಂದರು. ಅಲ್ಲಿ ನೆಲೆಸಿದ ನಮ್ಮ ದೇಶದವರದೇ ಒಂದು ಮಸಣ ಇದೆ, ಅಲ್ಲಿ ದಹನ ಮಾಡಬಹುದು, ಬೂದಿಯನ್ನು ಊರಿಗೆ ಒಯ್ಯಬಹುದು ಎಂದು ಮ್ಯಾನೇಜರು ಸೂಚಿಸಿದರು. ಅದನ್ನು ಲಕ್ಕಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಕೆಯನ್ನು ನಾನು ಕಂಡವನಲ್ಲ, ಫೋನಿನಲ್ಲಿ ದನಿ ಕೇಳಿದ್ದೆ ಅಷ್ಟೇ. ಆ ಕಡೆ ಅಳು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಆಕೆ ಒಂದೇ ಮಾತು ಕೇಳಿದಳು.

‘ಅಣ್ಣ, ನಮ್ ಕಡೆಯೋರು ನೀವೊಬ್ರೇ ಇರೋದು. ನಮ್ಮ್ ಗದ್ದೆ ಅಕ್ಕಿ ಎಲ್ಡ್ ಕಾಳು ನಿಮ್ ಕೈಯಾರೆ ಅವ್ರ್ ಬಾಯಿಗ್ ಹಾಕ್ತೀನಿ ಅಂದ್ರೆ ಅಲ್ಲೇ ಸುಡ್ಲಿ. ಇಲ್ದಿದ್ರೆ ನಾನ್ ಒಪ್ಪಲ್ಲ.’

ಹಾಕುತ್ತೇನೆ ತಾಯಿ ಎಂದು ಮಾತು ಕೊಟ್ಟೆ. ಆ ಮಾತಿನ ಮೇಲೆ ಆಕೆ ಒಪ್ಪಿದಳು. ಮಾರನೇ ದಿನ ಸಂಜೆ ನಾಲ್ಕಕ್ಕೆ ಎಂದು ನಿಗದಿಯಾಯಿತು. ಐದಕ್ಕೆ ಇನ್ನೊಬ್ಬರ ಸರದಿ ಇದೆ, ತಡ ಮಾಡಬೇಡಿ ಎಂದು ಮಸಣದವರು ಮೊದಲೇ ಹೇಳಿದ್ದರು.

ಸುತ್ತು ದಾರಿ

ಮಾರನೇ ದಿನ ಮಧ್ಯಾಹ್ನದವರೆಗೂ ಆಸ್ಪತ್ರೆಯಲ್ಲಿ ರುಜು ಹಾಕುವುದೇ ಆಯಿತು. ಅಕ್ಕಿ ಕೋಣೆಯಲ್ಲಿ ಉಳಿದಿತ್ತು. ಉಳಿದವರು ಹೆಣ ತೆಗೆದುಕೊಂಡು ವ್ಯಾನಿನಲ್ಲಿ ನೇರವಾಗಿ ಮಸಣಕ್ಕೆ ಹೋಗುವುದು, ನಾನು ಮಿಲ್ಲಿಗೆ ಬಂದು ಅಕ್ಕಿ ತೆಗೆದುಕೊಂಡು ಟ್ಯಾಕ್ಸಿಯಲ್ಲಿ ಅಲ್ಲಿಗೆ ಸೇರುವುದು ಎಂದು ಮಾತಾಯಿತು. ನಾನು ಕೋಣೆಗೆ ಬಂದು, ತಿಮ್ಮಣ್ಣನ ಪೆಟ್ಟಿಗೆ ತೆಗೆದು, ಹಿಡಿ ಅಕ್ಕಿಯ ಗಂಟನ್ನು ಜೇಬಿಗೆ ಹಾಕಿಕೊಂಡು ರಸ್ತೆಗೆ ಬಂದಾಗ ಎರಡೂವರೆ. ಫೆರಿ ದಾಟಿದರೆ ಮೂರೂಕಾಲಿಗೆ ಮುಟ್ಟಬಹುದು ಎಂದು ಲೆಕ್ಕ ಹಾಕಿದ್ದೆ.

ಒಂದು ಬಿಳಿ ಕಾರು ನಿಂತಿತು. ಚಾಲಕ ನನ್ನ ವಯಸ್ಸಿನವನೇ, ಹಣೆಯ ಮೇಲೆ ನಮಾಜಿನ ಗುರುತು. ಇಂಥವನಿಗೆ ಹೇಳದೆ ಹೇಗೆ ಹತ್ತಲಿ? ಮೂವತ್ತು ವರ್ಷದ ರೂಢಿ ನನ್ನ ಬಾಯಲ್ಲಿ ತಾನಾಗಿ ಬಂತು. ಬಾಗಿಲು ಮುಟ್ಟುವ ಮೊದಲೇ ಹೇಳಿದೆ: ನನ್ನ ಗೆಳೆಯ ತೀರಿಕೊಂಡಿದ್ದಾನೆ, ಸಾವಿಗೆ ಹೋಗುತ್ತಿದ್ದೇನೆ, ನಾಲ್ಕಕ್ಕೆ ಬೆಂಕಿ ಕೊಡುತ್ತಾರೆ, ಅಷ್ಟರೊಳಗೆ ನಾನು ಅಲ್ಲಿರಲೇಬೇಕು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು, ಪೋಲೆ, ತುಂಬಾ ಪೋಲೆ ಎಂದ. ಬಾಡಿಗೆಯ ಮಾತೇ ಎತ್ತಲಿಲ್ಲ. ಸಮುದ್ರ ದಾಟಿ ಬಂದರೂ ಸಾವಿನ ಮುಂದೆ ಮನುಷ್ಯರೆಲ್ಲ ಒಂದೇ ಎಂದು ನನ್ನ ಮನಸ್ಸು ಕರಗಿತು. ತಿಮ್ಮಣ್ಣನ ಮೂರು ಮಾತನ್ನೂ ಮರೆತು ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತೆ.

ಸ್ವಲ್ಪ ದೂರ ಹೋದ ಮೇಲೆ ಫೆರಿ ಕೆಟ್ಟಿದೆ ಎಂದ. ಬೆಳಿಗ್ಗೆಯಿಂದ ನಿಂತಿದೆ, ಸೇತುವೆ ಸುತ್ತಬೇಕು. ಅರ್ಧ ಗಂಟೆಯ ಹಿಂದೆ ನಾನೇ ಅದರಲ್ಲಿ ದಾಟಿ ಬಂದಿದ್ದೆ. ಹಾಗೆಂದೆ. ಈಗ ಹತ್ತು ನಿಮಿಷದ ಹಿಂದೆ ಕೆಟ್ಟಿತು, ಫೋನು ಬಂತು ಎಂದ. ನಂಬಲಿಲ್ಲ, ಆದರೆ ಇಳಿದು ಜಗಳವಾಡಲು ಪುರುಸೊತ್ತು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ.

ಸೇತುವೆಗೆ ಮೊದಲು ಬಂಕಿನಲ್ಲಿ ನಿಲ್ಲಿಸಿ ಪೆಟ್ರೋಲಿಗೆ ಕೇಳಿದ. ಕೊಟ್ಟೆ. ಸೇತುವೆ ದಾಟಿದ ಮೇಲೆ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಒಳದಾರಿ ಒಂದಿದೆ, ಅದಕ್ಕೆ ಬೇರೆ ರೇಟು ಎಂದ. ಅದಕ್ಕೂ ಕೊಟ್ಟೆ. ಒಳದಾರಿ ನಮ್ಮನ್ನು ಯಾವುದೋ ಗೋದಾಮುಗಳ ಹಿಂದೆಲ್ಲ ಸುತ್ತಿಸಿ, ಮತ್ತೆ ಅದೇ ಲಾರಿ ಸಾಲಿನ ಬಾಲಕ್ಕೆ ತಂದು ಬಿಟ್ಟಿತು. ಗಂಟೆ ನಾಲ್ಕಾಯಿತು. ಮ್ಯಾನೇಜರಿಗೆ ಫೋನು ಮಾಡಿ ಬೇಡಿಕೊಂಡೆ. ಕಾಯುತ್ತೇವೆ ಎಂದರು. ನಾನು ಕೈ ಮುಗಿದು ಅವನಿಗೆ ಹೇಳಿದೆ, ಜೇಬಿನಿಂದ ಅಕ್ಕಿ ಗಂಟು ತೆಗೆದು ತೋರಿಸಿದೆ, ಇದನ್ನು ಅವನ ಬಾಯಿಗೆ ಹಾಕಬೇಕು, ಅವನ ಹೆಂಡತಿಗೆ ಮಾತು ಕೊಟ್ಟಿದ್ದೇನೆ ಎಂದೆ. ಅವನು ಗಂಟನ್ನು ನೋಡಿದ, ನನ್ನನ್ನು ನೋಡಿದ. ಇನ್ನೂ ಸ್ವಲ್ಪ ಸೇರಿಸಿ ಕೊಟ್ಟರೆ ರಸ್ತೆಯಲ್ಲಿ ಬಸ್ಸಿಗೆಂದೇ ಬಿಟ್ಟ ಪಟ್ಟಿಯಲ್ಲಿ ನುಗ್ಗಿಸುತ್ತೇನೆ, ಪೊಲೀಸರು ಹಿಡಿದರೆ ದಂಡ ನಿನ್ನದೇ ಎಂದ. ಪರ್ಸನ್ನೇ ಅವನ ತೊಡೆಯ ಮೇಲಿಟ್ಟೆ.

ಐದು ದಾಟಿತ್ತು. ಮಸಣದ ಗೇಟಿನಿಂದಲೇ ಹೊಗೆ ಕಂಡಿತು. ಅರ್ಧ ಗಂಟೆ ಕಾದೆವು ರಾಜಣ್ಣ, ಐದರ ಸರದಿಯವರು ಹೆಣ ತಂದುಬಿಟ್ಟರು, ಏನು ಮಾಡೋಣ ಎಂದು ಮ್ಯಾನೇಜರು ಕೈ ಹಿಡಿದುಕೊಂಡರು. ಅವರ ತಪ್ಪೇನೂ ಇರಲಿಲ್ಲ. ನಾನು ಗಂಟು ಹಿಡಿದುಕೊಂಡು ಆ ಬೆಂಕಿಯ ಮುಂದೆ ನಿಂತೆ. ಉರಿಗೆ ಎಸೆಯಲೂ ಕೈ ಬರಲಿಲ್ಲ. ಆಕೆ ಹೇಳಿದ್ದು ಬಾಯಿಗೆ.

ಹಿಂದೆ ಯಾರೋ ಭುಜ ತಟ್ಟಿದರು. ಟ್ಯಾಕ್ಸಿಯವನು. ಬಸ್ಸಿನ ಪಟ್ಟಿಯ ದುಡ್ಡು ಸಾಲಲಿಲ್ಲವಂತೆ. ಹೊಡೆಯಬೇಕು ಎನಿಸಿತು. ಮಸಣದಲ್ಲಿ ಕೈ ಎತ್ತಬಾರದು ಎಂದು ಸುಮ್ಮನಾದೆ. ಮ್ಯಾನೇಜರೇ ಕೊಟ್ಟು ಕಳಿಸಿದರು. ಹೋಗುವ ಮೊದಲು ಅವನು ಚಿತೆಯ ಕಡೆ ತಿರುಗಿ ಎದೆಯ ಮೇಲೆ ಕೈ ಇಟ್ಟು, ಪೋಲೆ ಎಂದ. ಆ ಒಂದು ಪದವನ್ನು ಇವತ್ತಿಗೂ ನಾನು ಅವನಿಗೆ ಕ್ಷಮಿಸಿಲ್ಲ. ಸಂಜೆ ವ್ಯಾನಿನಲ್ಲಿ ವಾಪಸು ಬರುವಾಗ ಫೆರಿಯಲ್ಲೇ ದಾಟಿದೆವು. ಟಿಕೆಟ್ ಹರಿಯುವವನನ್ನು ಕೇಳಿದೆ. ಇವತ್ತು ಒಂದು ಗಳಿಗೆಯೂ ನಿಂತಿಲ್ಲ ಎಂದ.

ಕೋಣೆಗೆ ಬಂದು ಕೂರುವಷ್ಟರಲ್ಲಿ ಲಕ್ಕಮ್ಮನ ಫೋನು. ಎಲ್ಲಾ ಆಯ್ತಾ ಅಣ್ಣ ಎಂದಳು. ನಾನು ಎಲ್ಲಾ ಆಯ್ತಮ್ಮ ಎಂದೆ.

ಕಡೂರು ಸ್ಟೇಷನ್

ಬೂದಿಯ ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹತ್ತನೇ ದಿನ ನಾನು ಕಡೂರಿನಲ್ಲಿ ರೈಲು ಇಳಿದೆ. ಅಕ್ಕಿ ಗಂಟೂ ಅದೇ ಚೀಲದಲ್ಲಿತ್ತು. ಮಿಲ್ಲಿಗೆ ಮತ್ತೆ ಹೋಗುವುದಿಲ್ಲ ಎಂದು ಹೇಳಿ ಬಂದಿದ್ದೆ. ಆ ಚೀಲ ಹಿಡಿದು ನನ್ನ ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಮಾರನೇ ದಿನ ಹನ್ನೊಂದನೇ ದಿನದ ಕಾರ್ಯ, ಅಷ್ಟರೊಳಗೆ ಅದು ತಿಮ್ಮಣ್ಣನ ಊರು ಸೇರಬೇಕಿತ್ತು.

ಸ್ಟೇಷನ್ ಮುಂದೆ ಕಾರುಗಳು ನಿಂತಿದ್ದವು. ಹಳೆಯ ಮುಖಗಳು ಒಂದೂ ಇರಲಿಲ್ಲ. ಮೂವತ್ತರ ಆಸುಪಾಸಿನ ಒಬ್ಬ ಬಾಗಿಲು ತೆಗೆದ. ಕಾರಿನ ಮೂತಿಗೆ ಹೊಸ ಸೇವಂತಿಗೆ ಹಾರ. ಬಾಡಿಗೆ ಮೊದಲೇ ಮಾತಾಡಿದೆ. ಅವನು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿದೆ. ಬೇರೆ ಕಾರಿನ ಕಡೆ ಹೆಜ್ಜೆ ಹಾಕಿದೆ, ಮತ್ತೆ ಬಂದೆ, ಕೊನೆಗೆ ಅವನೇ ನಕ್ಕು ಒಪ್ಪಿದ. ಹಿಂದಿನ ಸೀಟಿನಲ್ಲಿ ಕೂತೆ. ಯಾರ ಮನೆಗೆ ಯಜಮಾನ್ರೇ ಎಂದು ಕೇಳಿದ. ನೆಂಟರ ಮನೆಗೆ ಎಂದೆ. ಚೀಲವನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದೀರಲ್ಲ, ಏನಿದೆ ಎಂದ. ಗಾಜಿನ ಸಾಮಾನು ಎಂದೆ. ತಿಮ್ಮಣ್ಣನ ಮೂರೂ ಮಾತು ಆವತ್ತು ಪಾಲಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಬಂದಿತ್ತು, ಅದರ ಹೆಮ್ಮೆಯೂ ಇತ್ತು.

ಅವನು ರಸ್ತೆಯ ಪ್ರತಿ ಉಬ್ಬಿಗೂ ಗಾಡಿಯನ್ನು ಪೂರ್ತಿ ನಿಧಾನ ಮಾಡಿ ದಾಟಿಸಿದ. ಅಜ್ಜಂಪುರ ಬಿಟ್ಟ ಮೇಲೆ ರಸ್ತೆ ಕಿತ್ತುಹೋದ ಕಡೆ ಇಳಿದು ನೋಡಿ, ಕಲ್ಲು ತಪ್ಪಿಸಿ ಓಡಿಸಿದ. ಗಾಜು ಹೆಂಗಿದೆ, ಒಡ್ದಿಲ್ಲ ತಾನೆ ಎಂದು ಎರಡು ಸಲ ವಿಚಾರಿಸಿದ. ನಾನು ಹ್ಞೂಂ ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡಿದೆ.

ಲಕ್ಕಮ್ಮನ ಮನೆ

ಮನೆಯ ಮುಂದೆ ಇಳಿದು ಬಾಡಿಗೆ ಕೊಡಲು ಜೇಬು ತಡಕುತ್ತಿದ್ದಾಗ, ಅವನು ನನ್ನ ಸಹಾಯಕ್ಕೆಂದು ಆ ಚೀಲವನ್ನು ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲವರೆಗೆ ತಂದ. ಬೇಡ ಎನ್ನುವಷ್ಟರಲ್ಲಿ ಒಳಗಿಂದ ಹೆಂಗಸರು ಗೊಳೋ ಎಂದರು. ಒಬ್ಬ ಮುದುಕರು ಓಡಿ ಬಂದು, ಅಸ್ಥಿ ಒಳಗೆ ತರಬೇಡಿ, ಹಿತ್ತಲ ಹುಣಸೆ ಮರಕ್ಕೆ ಕಟ್ಟಬೇಕು ಎಂದು ಅವನ ಕೈಯಿಂದ ಚೀಲ ಇಸಿದುಕೊಂಡರು. ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ನನ್ನ ಕಡೆ ತಿರುಗಿದ. ಅವನ ದನಿ ಏರಲಿಲ್ಲ.

‘ಒಂದ್ ಮಾತ್ ಹೇಳ್ಬಾರ್ದಾಗಿತ್ತಾ ಯಜಮಾನ್ರೇ? ನಾಳೆ ಬೆಳಿಗ್ಗೆ ತರೀಕೆರೆಗೆ ಮದ್ವೆ ಗಂಡು ಕೂರ್ಸ್ಕೊಂಡ್ ಹೋಗ್ಬೇಕು ಇದ್ರಲ್ಲಿ. ಹೇಳಿದ್ರೆ ನಾನೇನ್ ಬರಲ್ಲ ಅಂತಿದ್ನಾ? ನಿಮ್ ಹತ್ರ ಬಾಡಿಗೆ ಕೇಳ್ತಿದ್ನಾ?’

ನಾನು ದುಡ್ಡು ಚಾಚಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡು ಕಾರಿನ ಹತ್ತಿರ ಹೋಗಿ ಹಾರ ಬಿಚ್ಚತೊಡಗಿದ.

ಒಳಗೆ ಹೋಗಿ ಕೂತೆ. ಲಕ್ಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ದೂರ ಹೋಗಿ ಸತ್ತರೂ ನಮ್ಮ ಅಕ್ಕಿ ಕಾಳು ಬಾಯಿಗೆ ಬಿತ್ತಲ್ಲ, ಅಷ್ಟೇ ಸಾಕು ಎಂದು ಪಕ್ಕದ ಹೆಂಗಸರಿಗೆ ಹೇಳಿ, ನನಗೆ ಕೈ ಮುಗಿದಳು. ಸುಮ್ಮನೆ ತಲೆ ಆಡಿಸಿ ಎದ್ದು ಬರಬಹುದಿತ್ತು. ಹಾಗೆಯೇ ಮಾಡಬೇಕೆಂದು ವಿಮಾನದಲ್ಲಿ ಕೂತು ತೀರ್ಮಾನವನ್ನೂ ಮಾಡಿಕೊಂಡಿದ್ದೆ. ಆದರೆ ಬಾಗಿಲಾಚೆ ಅವನು ಹಾರ ಬಿಚ್ಚುವುದು ಕಾಣುತ್ತಿತ್ತು. ಒಂದು ದಿನಕ್ಕೆ ಅಷ್ಟು ಮೋಸ ಸಾಕು ಎನಿಸಿತು. ಹಿತ್ತಲಿಗೆ ಹೋಗಿ ಚೀಲದಿಂದ ಗಂಟು ತೆಗೆದು ತಂದು ಆಕೆಯ ಮುಂದಿಟ್ಟೆ. ಬಿಳಿ ಕಾರು, ಫೆರಿ, ಪೆಟ್ರೋಲು, ಒಳದಾರಿ, ಹೊಗೆ, ಎಲ್ಲ ಹೇಳಿದೆ. ಫೋನಿನಲ್ಲಿ ಆಡಿದ ಸುಳ್ಳನ್ನೂ ಹೇಳಿದೆ.

ಆಕೆ ಅಳಲಿಲ್ಲ. ಗಂಟನ್ನು ಕೈಗೆ ತೆಗೆದುಕೊಂಡಳು. ಬಾಗಿಲಲ್ಲಿ ನಡೆದ ಮಾತು ಆಕೆಗೂ ಕೇಳಿಸಿತ್ತು.

‘ಹೇಳ್ಬಾರ್ದೋನಿಗೆ ಹೇಳಿದ್ರಿ. ಹೇಳ್ಬೇಕಾದೋನಿಗೆ ಹೇಳ್ಲಿಲ್ಲ. ಎಲ್ಡೂ ನಮ್ಮನೆಯೋರ್ ಹೆಸ್ರಲ್ಲೇ ಮಾಡಿದ್ರಲ್ಲ ಅಣ್ಣ.’

ಅಷ್ಟು ಹೇಳಿ ಎದ್ದು, ಗಂಟನ್ನು ಹಿತ್ತಲಿಗೆ ಒಯ್ದು ಮಡಕೆಯ ಬಾಯಿಗೆ ಕಟ್ಟಿದಳು. ಮಾರನೇ ದಿನ ಬೂದಿಯ ಜೊತೆ ಅದನ್ನೂ ನೀರಿಗೆ ಬಿಡುವುದಾಯಿತು. ಕೂತುಕೊಳ್ಳಿ ಎಂದಾಗಲಿ ಹೋಗಿ ಬನ್ನಿ ಎಂದಾಗಲಿ ಆಕೆ ಮತ್ತೆ ನನಗೆ ಹೇಳಲಿಲ್ಲ. ಸಾವಿನ ಮನೆಯಲ್ಲಿ ಯಾರೂ ಹೋಗಿ ಬನ್ನಿ ಎನ್ನುವುದಿಲ್ಲ, ಅದು ರೂಢಿ. ಆದರೂ ಅದು ನನಗೆಂದೇ ಬಿಟ್ಟ ಮಾತು ಎನಿಸಿತು.

ಕೆರೆ ಏರಿ

ಕಾರಿನವನು ನನ್ನನ್ನು ಬಿಟ್ಟು ಹೋಗಿರುತ್ತಾನೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ವಾಪಸು ಬಸ್ಸಿಲ್ಲ ಹತ್ತಿ ಎಂದ. ಊರ ಹೊರಗಿನ ಕೆರೆ ಏರಿಯ ಕೆಳಗೆ ನಿಲ್ಲಿಸಿ ಡಿಕ್ಕಿಯಿಂದ ಬಕೆಟ್ಟು ತೆಗೆದ. ನಾನು ಕೈ ಚಾಚಿದೆ. ಸ್ವಲ್ಪ ಯೋಚಿಸಿ ಬಕೆಟ್ಟು ಕೊಟ್ಟ, ಹಿಂದಿನ ಸೀಟು ನೀವೇ ಒರೆಸಿ ಎಂದ. ಸೀಟು, ಕಾಲಿಡುವ ಜಾಗ, ಬಾಗಿಲು, ನಾಲ್ಕು ಚಕ್ರ ತೊಳೆದೆ. ಅವನು ಅಷ್ಟರಲ್ಲಿ ಅಂಗಿ ಬಿಚ್ಚಿ ತಲೆಗೆ ನೀರು ಹಾಕಿಕೊಂಡ. ಒದ್ದೆ ತಲೆಯಲ್ಲೇ ಕೂತು, ಯಾರು ತೀರಿಕೊಂಡದ್ದು ಎಂದು ಕೇಳಿದ. ತಿಮ್ಮಣ್ಣ ಅಂತ, ಲೇತ್ ಕೆಲಸದವನು ಎಂದು ಶುರು ಮಾಡಿ ಕಡೂರು ಬರುವವರೆಗೂ ಹೇಳಿದೆ. ಅವನು ಅಡ್ಡ ಮಾತಾಡದೆ ಕೇಳಿದ.

ಕಡೂರಿನ ಬಂಕಿನಲ್ಲಿ ಡೀಸೆಲ್ ಹಾಕಿಸಿದೆ. ಮಿಕ್ಕಿದ್ದನ್ನು ಎಷ್ಟು ಬೇಡಿದರೂ ಮುಟ್ಟಲಿಲ್ಲ. ‘ಸಾವಿನ್ ಮನೆ ಬಾಡಿಗೆ ನಾವ್ ಮಾತಾಡಲ್ಲ’ ಎಂದು ಗಾಡಿ ತಿರುಗಿಸಿದ. ಹದಿನಾಲ್ಕು ತಿಂಗಳಲ್ಲಿ ಆ ಊರಿನ ಟ್ಯಾಕ್ಸಿಯವರು ನನ್ನಿಂದ ಕಿತ್ತುಕೊಂಡದ್ದನ್ನೆಲ್ಲ ಹೇಗೋ ಅರಗಿಸಿಕೊಂಡಿದ್ದೇನೆ. ಆವತ್ತು ಚೌಕಾಸಿ ಮಾಡಿ, ಸುಳ್ಳು ಹೇಳಿ ನಾನು ಉಳಿಸಿಕೊಂಡ ಬಾಡಿಗೆ ಮಾತ್ರ ಇನ್ನೂ ಅರಗಿಲ್ಲ.